ನಿನ್ನೆ ಯಾಕ ಬರಲಿಲ್ಲ?

ಸಿಂಧನೂರಿನಲ್ಲಿ ಒಂದು ಕವಿಗೋಷ್ಠಿ. ಹದಿನೆಂಟು ಮಂದಿ ಕವಿಗಳು, ಅವರಲ್ಲಿ ನಾನೂ ಒಬ್ಬ. ಹದಿನೆಂಟರಲ್ಲಿ ಏಳು ಕವಿತೆ ಮೊಬೈಲಿನ ಮೇಲೆ. ಏಳೂ ಒಂದೇ ಮಾತು ಹೇಳಿದವು: ಮೊಬೈಲ್ ಬಂತು, ಸಂಬಂಧ ಸತ್ತವು. ಊರ ಕಟ್ಟೆ ಖಾಲಿಯಾಯಿತು. ಹರೆಯದ ಹುಡುಗರು ತಲೆ ತಗ್ಗಿಸಿ ಕೂತರು, ಮನುಷ್ಯರ ಮುಖ ನೋಡುವುದನ್ನೇ ಮರೆತರು. ಸಭೆ ಚಪ್ಪಾಳೆ ಹೊಡೆಯಿತು. ಎದ್ದು ನಿಂತ ಕೆಲವರು ಆ ಕವಿತೆಯನ್ನೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ಬರೆದವರು ಕೆಟ್ಟವರಲ್ಲ. ಬಹಳ ಮಂದಿ ಹಳ್ಳಿ ಸಾಲಿಯ ಮಾಸ್ತರರು, ನಮ್ಮಂಥ ಹುಡುಗರಿಗೆ ಅಕ್ಷರ ಕಲಿಸಿದವರು. ಆದರೂ ಹೇಳಲೇಬೇಕು, ಈ ಕವಿತೆಗಳು ಸುಳ್ಳು. ಛಂದಸ್ಸು ತಪ್ಪಿದ್ದರಿಂದ ಸುಳ್ಳಾಗಿಲ್ಲ. ಖಾಲಿಯಾದ ಆ ಕಟ್ಟೆಯ ಮೇಲೆ ಮೊದಲು ಯಾರು ಕೂತಿದ್ದರು ಎಂಬುದನ್ನು ಕೇಳದೆ ಅತ್ತದ್ದರಿಂದ ಸುಳ್ಳಾಗಿವೆ.

ಮಸ್ಕಿ ಕಡೆಯ ನಮ್ಮ ಹಳ್ಳಿಯಲ್ಲಿ ಅಗಸಿ ಬಾಗಿಲ ಪಕ್ಕ ಬೇವಿನ ಮರ, ಮರದ ಸುತ್ತ ಕಟ್ಟೆ. ನಮ್ಮಪ್ಪ ಆ ಕಟ್ಟೆಯ ಮೇಲೆ ಒಂದು ದಿನವೂ ಕೂತವನಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಅದರ ಮುಂದೆ ಹಾದು ಹೋದವನು. ಸತ್ತುಹೋದ ಸಂಬಂಧದ ಬಗ್ಗೆ ಕವಿತೆ ಓದಿದಾಗ ಅಪ್ಪನನ್ನು ಕೇಳಬೇಕೆನಿಸಿತು: 'ಅಪ್ಪಾ, ಆ ಸಂಬಂಧದಾಗ ನಿನ್ನ ಪಾಲು ಎಷ್ಟಿತ್ತು?'

ಊರು ನಮ್ಮಪ್ಪನನ್ನು ವಿಚಾರಿಸುತ್ತಿರಲಿಲ್ಲ ಎಂದರೆ ಅದೂ ಸುಳ್ಳಾದೀತು. ಜ್ವರ ಬಂದು ಒಂದು ದಿನ ಕೂಲಿಗೆ ಹೋಗದಿದ್ದರೆ ಮರುದಿನ ಹೊತ್ತು ಮೂಡುವ ಮುಂಚೆ ಹೊಲದ ಧಣಿ ಕೇರಿ ಬಾಯಿಗೆ ಬಂದು ನಿಂತು ಕೇಳುತ್ತಿದ್ದ: 'ನಿನ್ನೆ ಯಾಕ ಬರಲಿಲ್ಲಲೇ?' ನಮ್ಮ ಕೇರಿಗೆ ಆ ಪ್ರಶ್ನೆ ಗೊತ್ತಿದ್ದದ್ದು ಹಾಗೆ. ಅದು ಬೈಗುಳ. ಅದರ ಹಿಂದೆ ಸಾಲದ ಲೆಕ್ಕ ಇತ್ತು, ಬಾರುಕೋಲೂ ಇತ್ತು.

ಅದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳಿದ್ದು ನನ್ನ ಚಿಗವ್ವ. ಆಕೆ ಗಂಡ ಸತ್ತವಳು. ನಮ್ಮ ಭಾಗದ ಎಷ್ಟೋ ಕೇರಿಗಳಲ್ಲಿರುವಂತೆ ನಮ್ಮ ಕೇರಿಯಲ್ಲೂ ಐತವಾರ ಪ್ರಾರ್ಥನೆ ನಡೆಯುತ್ತದೆ. ತಗಡಿನ ಮನೆ, ನೆಲಕ್ಕೆ ಚಾಪೆ, ಒಂದು ಡೋಲಕ್. ನಾನು ಆಗ ಪದವಿ ಓದುತ್ತಿದ್ದೆ, ನಾಲ್ಕು ಪುಸ್ತಕ ಓದಿದ ಸೊಕ್ಕಿತ್ತು. 'ಚಿಗವ್ವ, ಒಂದು ದೇವರನ್ನು ಬಿಟ್ಟು ಇನ್ನೊಂದು ದೇವರನ್ನು ಹಿಡಿದರೆ ಹೊಟ್ಟೆ ತುಂಬುತ್ತೇನು?' ಎಂದೆ. ಆಕೆ ಸಿಟ್ಟಾಗಲಿಲ್ಲ. 'ಹೊಟ್ಟಿ ತುಂಬಂಗಿಲ್ಲಪಾ. ಆದ್ರ ಹೋದ ವಾರ ನಾ ಹೋಗಿದ್ದಿಲ್ಲ. ಸೋಮವಾರ ಅಯ್ಯನವರ ಹೇಣ್ತಿ ಮನಿಗೇ ಬಂದ್ಲು. ಯಕ್ಕಾ, ನಿನ್ನೆ ಯಾಕ ಬರಲಿಲ್ಲ, ಆರಾಮಿಲ್ಲೇನು ಅಂತ ಕೇಳಿದ್ಲು. ನನ್ನ ಹುಟ್ಟಿನಾಗ ಹಂಗ ಯಾರೂ ಕೇಳಿದ್ದಿಲ್ಲ' ಎಂದಳು.

ಗೆಳೆಯರೆ, ಮತಾಂತರದ ಬಗ್ಗೆ ಈ ದೇಶದಲ್ಲಿ ನಡೆದ ಎಷ್ಟೋ ಭಾಷಣಗಳಿಗಿಂತ ನನ್ನ ಚಿಗವ್ವನ ಈ ಮಾತು ದೊಡ್ಡದು. ಆಕೆ ಹೋದದ್ದು ಹಾಲಿನ ಪುಡಿಗೂ ಅಲ್ಲ, ಸ್ವರ್ಗಕ್ಕೂ ಅಲ್ಲ. ತಾನು ಇಲ್ಲದಿದ್ದರೆ ಚಾಪೆಯ ಮೇಲೆ ಒಂದು ಜಾಗ ಖಾಲಿ ಕಾಣುವ ಕಡೆಗೆ ಆಕೆ ಹೋದಳು.

ಜಗತ್ತಿನ ಬೇರೆ ಮೂಲೆಯಲ್ಲೂ ಇದೇ ನಡೆದಿದೆ. ಲಾವೋಸ್ ದೇಶದ ಗುಡ್ಡಗಾಡಿನಲ್ಲಿ ಹ್ಮಾಂಗ್ ಎಂಬ ಜನ ಇದ್ದಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಇವರ ಹುಡುಗರ ಕೈಗೆ ಬಂದೂಕು ಕೊಟ್ಟು ತನ್ನ ಗುಟ್ಟಿನ ಯುದ್ಧಕ್ಕೆ ಬಳಸಿಕೊಂಡಿತು. 1975ರಲ್ಲಿ ಅಮೆರಿಕ ಸೋತು ಹೊರಟಿತು, ಇವರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಲ್ಲಿ ಬಿದ್ದರು. ಆಮೇಲೆ ಅಮೆರಿಕಕ್ಕೆ ಹೋದವರನ್ನು ಅಲ್ಲಿನ ಸರಕಾರ ಒಂದೇ ಕಡೆ ಇರಗೊಡಲಿಲ್ಲ, ಊರೂರಿಗೆ ಚೆದುರಿಸಿತು. ಬಳಿಗಳಾಗಿ ಬದುಕಿದ ಜನ ಅಣ್ಣ ಒಂದು ರಾಜ್ಯ, ತಮ್ಮ ಒಂದು ರಾಜ್ಯ ಆದರು. ಆಗ ಮನೆ, ಕಂಬಳಿ, ಕೆಲಸ ಹುಡುಕಿಕೊಟ್ಟವರಲ್ಲಿ ಚರ್ಚಿನವರು ಬಹಳ. ಕೊಟ್ಟ ಕೈಗೆ ಇಲ್ಲವೆನ್ನಲಾರದೆ ಕೆಲವರು ಐತವಾರ ಚರ್ಚಿಗೆ ಹೋದರು, ಕೆಲವರು ನಿಜವಾಗಿ ನಂಬಿ ಹೋದರು, ಇನ್ನು ಕೆಲವರು ತಮ್ಮ ಹಳೆಯ ದೈವದ ಪೂಜಾರಿಯನ್ನೇ ಉಳಿಸಿಕೊಂಡರು. ನಿಧಾನಕ್ಕೆ ಮಿನ್ನೆಸೋಟಾದ ಸೇಂಟ್ ಪಾಲ್, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಮುಂತಾದ ಊರುಗಳಲ್ಲಿ ಮತ್ತೆ ಒಂದುಗೂಡಿ ತಮ್ಮದೇ ಮಾತಿನ ಚರ್ಚುಗಳನ್ನೂ ಕಟ್ಟಿಕೊಂಡರು. ಚೆದುರಿಸಿದವರು ಸರಕಾರದವರು, ಕೂಡಿಸಿದ್ದು ಪ್ರಾರ್ಥನೆ. ಆದರೆ ಆ ಕೂಡುವಿಕೆಯಲ್ಲಿ ಋಣವೂ ಬೆರೆತಿತ್ತು ಎಂಬುದನ್ನು ಮರೆಯಬಾರದು.

ಇಷ್ಟು ದೂರದ ಕಥೆ ಯಾಕೆಂದರೆ, ನಮ್ಮ ಸಿಂಧನೂರಿನಲ್ಲೇ ಅಂಥ ಜನ ಇದ್ದಾರೆ.

ನಮ್ಮ ಕಡೆ ಕ್ಯಾಂಪು ಅಂದರೆ ಎರಡು ಥರ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದಾಗ, ಆಂಧ್ರದ ಕರಾವಳಿಯಿಂದ ರೊಕ್ಕ ತಂದು ಹೊಲ ಕೊಂಡು ಭತ್ತ ಬೆಳೆದವರ ಕ್ಯಾಂಪು ಒಂದು ಥರ. ಅಲ್ಲಿ ನಾವು ನಾಟಿ ಹಚ್ಚಲು ಹೋಗುವವರು. ಇನ್ನೊಂದು ಜವಳಗೇರಾ ಕಡೆಯ ಆರ್.ಎಚ್. ಕ್ಯಾಂಪು, ಅಂದರೆ ಸರಕಾರದ ಪುನರ್ವಸತಿ ಕ್ಯಾಂಪು. ಪೂರ್ವ ಬಂಗಾಳದಿಂದ ಓಡಿ ಬಂದು, ಎಲ್ಲೆಲ್ಲೋ ಶಿಬಿರಗಳಲ್ಲಿ ಬಿದ್ದು, ಕೊನೆಗೆ ಸರಕಾರ ತಂದು ಇಳಿಸಿದಲ್ಲಿ ಇಳಿದವರು. ಒಬ್ಬರು ಹೊಲ ಹುಡುಕಿ ಬಂದರು, ಇನ್ನೊಬ್ಬರನ್ನು ಯಾದಿಯಲ್ಲಿ ಹೆಸರು ಬರೆದು ತಂದರು. ಹೆಸರು ಮಾತ್ರ ಒಂದೇ, ಕ್ಯಾಂಪು.

ಪದವಿಯಲ್ಲಿ ನನ್ನ ಬೆಂಚಿನ ಗೆಳೆಯ ಆ ಎರಡನೆಯ ಕ್ಯಾಂಪಿನವನು. ನನಗಿಂತ ಚಂದ ಕನ್ನಡ ಮಾತಾಡುತ್ತಾನೆ, ಅದೂ ಸಿಂಧನೂರಿನ ಕನ್ನಡ. ಒಂದು ರಾತ್ರಿ ಅವರ ಕ್ಯಾಂಪಿನ ಕೀರ್ತನೆಗೆ ಕರೆದುಕೊಂಡು ಹೋದ. ನಮ್ಮ ಕೇರಿಯ ಭಜನೆಯಂತೆಯೇ ಒಂದು ಬಲ್ಬು, ಹಾಸಿದ ತಾಡಪತ್ರಿ, ತಾಳ. ಮಣ್ಣಿನ ಮೃದಂಗ, ಅದಕ್ಕೆ ಖೋಲ್ ಅನ್ನುತ್ತಾರೆ. ಹೆಂಗಸರು ನಾಲಿಗೆ ಆಡಿಸಿ ಉಲುಲು ಎಂದು ದನಿ ಎತ್ತಿದಾಗ ಮೈ ಜುಮ್ಮೆಂದಿತು. ಒಬ್ಬ ಮುದುಕ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಬಂಗಾಳಿಯಲ್ಲಿ ಏನೋ ಕೇಳಿದ. 'ಏನಂತೆ?' ಅಂದೆ. ಗೆಳೆಯ ನಕ್ಕ: 'ಹೋದ ವಾರ ಯಾಕ ಬಂದಿದ್ದಿಲ್ಲ ಅಂತ ಕೇಳ್ತಾನ.'

ಚಿಗವ್ವನ ಪ್ರಶ್ನೆ ಬಂಗಾಳಿಯಲ್ಲಿ ಕೇಳಿಸಿತು.

ಮೊಬೈಲಿನ ಕವಿತೆಗೆ ಮತ್ತೆ ಬರೋಣ. ಲಿಂಗಸುಗೂರಿನ ಹಾಸ್ಟೆಲಿನಲ್ಲಿ ನಾನು ಪಿಯುಸಿ ಓದುವಾಗ ಅರ್ಧ ಹುಡುಗರ ತಂದೆ-ತಾಯಿ ಗುಳೆ ಹೋದವರು. ಬೆಂಗಳೂರಿನಲ್ಲಿ ಕಟ್ಟುವ ಬಿಲ್ಡಿಂಗಿನ ಪಕ್ಕ ತಗಡಿನ ಶೆಡ್ಡು, ಅಲ್ಲೇ ಅವರ ಮನೆ. ರಾತ್ರಿ ಎಂಟಕ್ಕೆ ಹುಡುಗರು ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಕೂಡುತ್ತಿದ್ದರು. ಚೂರು ಚೂರಾದ ಗಾಜಿನಲ್ಲಿ ಅವ್ವನ ಮುಖ, ಅದಕ್ಕೆ ಮೆತ್ತಿದ ಸಿಮೆಂಟು. 'ಉಂಡಿಯೇನಪಾ? ನಿನ್ನೆ ಯಾಕ ಫೋನ್ ಹಚ್ಚಲಿಲ್ಲ?' ಇವರೇ ಕವಿಗೋಷ್ಠಿಯ ತಲೆ ತಗ್ಗಿಸಿದ ಹುಡುಗರು. ಅವರು ಮನುಷ್ಯರ ಮುಖ ಮರೆತಿರಲಿಲ್ಲ, ತಲೆ ತಗ್ಗಿಸಿ ಒಂದು ಮುಖವನ್ನೇ ನೋಡುತ್ತಿದ್ದರು. ಹರೆಯದ ಹುಡುಗ ಹುಡುಗಿ ಮೊಬೈಲಿಗೆ ಅಂಟಿಕೊಳ್ಳುವುದು ಕೆಟ್ಟ ಚಟದಿಂದ ಮಾತ್ರ ಅಲ್ಲ. ಎರಡು ದಿನ ಕಾಣದಿದ್ದರೆ 'ಎಲ್ಲಿ ಹೋಗಿದ್ದಿ?' ಎಂದು ಕೇಳುವವರು ಅದರಲ್ಲಿ ಇದ್ದಾರೆ. ಮನೆಯಲ್ಲಿ, ಸಾಲಿಯಲ್ಲಿ, ಊರಲ್ಲಿ ಅದನ್ನು ಕೇಳುವವರಿಲ್ಲ. ಇದನ್ನು ನೋಡದ ಕವಿತೆ ಯಾರ ಕವಿತೆ? ರಾತ್ರಿ ಮಗ್ಗುಲಲ್ಲೇ ತಾಯಿ ಇರುವವರ ಕವಿತೆ.

ಹಾಗಂತ ಮೊಬೈಲೇ ನಮ್ಮ ಬಿಡುಗಡೆ ಎಂದು ಹಾಡಲು ನಾನು ತಯಾರಿಲ್ಲ. ಕಟ್ಟೆ ಎಲ್ಲಿಗೂ ಹೋಗಿಲ್ಲ, ಮೊಬೈಲಿನೊಳಗೆ ಹೋಗಿ ಕೂತಿದೆ. ಜಾತಿಗೊಂದು ವಾಟ್ಸಾಪ್ ಗ್ರೂಪು, ಜಾತಿಗೊಂದು ಹಾಡಿನ ರೀಲ್ಸು, ಮುಖದ ಬದಲು ಜಾತಿಯ ಮಹಾಪುರುಷನ ಚಿತ್ರ. ಹದಿನಾರರ ಹುಡುಗ ಮೊದಲು ನೋಡುವುದು ಹೆಸರಿನ ಮುಂದಿನ ಅಡ್ಡಹೆಸರನ್ನು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹಾದುಹೋದ ಕಟ್ಟೆ, ಮಗ ಕಿಸೆಯಲ್ಲಿ ಹೊತ್ತು ತಿರುಗುವ ಕಟ್ಟೆ.

ನಮ್ಮ ಕೇರಿಗೂ ಒಂದು ಗ್ರೂಪಿದೆ. ಬಾಬಾಸಾಹೇಬರ ಚಿತ್ರವಿದೆ. ಒಂದು ದಿನ ಅದರಲ್ಲಿ ಒಂದು ವಿಡಿಯೋ ಬಂತು. ಬಾಂಗ್ಲಾದವರು ಬಂದಿದ್ದಾರೆ, ನಮ್ಮ ಕೂಲಿ ಕಸಿಯುತ್ತಾರೆ, ನಾಳೆ ನಮ್ಮ ಮೀಸಲಾತಿಗೂ ಕೈ ಹಾಕುತ್ತಾರೆ, ಓಡಿಸಬೇಕು ಎಂಬ ಅರ್ಥದ್ದು. ನಮ್ಮ ಹುಡುಗರೇ ಹೆಬ್ಬೆರಳು ಒತ್ತಿದರು. ನನ್ನ ಗೆಳೆಯನ ಕ್ಯಾಂಪಿನ ಬಗ್ಗೆ ಅದು. ನಾನು ಓದಿದೆ, ಸುಮ್ಮನಾದೆ. ಪದವೀಧರ, ಕವಿ, ಬಂಡಾಯದವನು, ಸುಮ್ಮನಾದೆ. ಈ ಲೇಖನ ಆ ಮೌನಕ್ಕೆ ಕಟ್ಟುತ್ತಿರುವ ದಂಡ.

ಆ ರಾತ್ರಿ ನಾನು ಬರೆಯಬೇಕಿದ್ದ ಉತ್ತರ ಹೀಗಿದೆ.

ಆ ಕ್ಯಾಂಪಿನ ಬಹುಪಾಲು ಜನ ನಾಮಶೂದ್ರರು. ಬಾರಿಸಾಲ್, ಖುಲ್ನಾ, ಜೆಸ್ಸೋರ್, ಫರೀದ್‌ಪುರದ ಜೌಗು ನೆಲದಲ್ಲಿ ಭತ್ತ ಬೆಳೆದ, ದೋಣಿ ನಡೆಸಿದ ಜನ. ಮೇಲ್ಜಾತಿಯವರು ಇವರನ್ನು ಚಂಡಾಲರು ಎಂದು ಕರೆದರು, ಮುಟ್ಟಲಿಲ್ಲ. 1872-73ರಲ್ಲಿ ಫರೀದ್‌ಪುರ, ಬಾಕರ್‌ಗಂಜ್ ಕಡೆ ಇವರು ಒಟ್ಟಾಗಿ ಮೇಲ್ಜಾತಿಯವರ ಹೊಲ-ಮನೆ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಧಣಿಗಳು 'ನಿನ್ನೆ ಯಾಕ ಬರಲಿಲ್ಲ?' ಎಂದು ಕೇಳಿದರೆ, 'ನಾಳೆಯೂ ಬರುವುದಿಲ್ಲ' ಎಂದ ಜನ ಇವರು. ಹರಿಚಾಂದ್ ಠಾಕೂರ್ (1812-1878) ಇವರೊಳಗೇ ಹುಟ್ಟಿ ಪುರೋಹಿತನ ಹಂಗಿಲ್ಲದ ಮತುವಾ ಪಂಥ ಕಟ್ಟಿದರು. ಹಾಡುವುದೇ ಅದರ ಪೂಜೆ. ಅವರ ಮಗ ಗುರುಚಾಂದ್ ಠಾಕೂರ್ ಸಾಲಿಗಾಗಿ ದುಡಿದರು. ಒರಾಕಾಂದಿ ಎಂಬ ಊರಲ್ಲಿ ಮೀಡ್ ಎಂಬ ಆಸ್ಟ್ರೇಲಿಯದ ಬ್ಯಾಪ್ಟಿಸ್ಟ್ ಪಾದ್ರಿಯ ನೆರವು ಪಡೆದು ಸಾಲಿ ಕಟ್ಟಿದರು. ಚರ್ಚಿನಿಂದ ಅಕ್ಷರ ತೆಗೆದುಕೊಂಡರು, ದೀಕ್ಷೆ ತೆಗೆದುಕೊಳ್ಳಲಿಲ್ಲ. ಋಣಕ್ಕೆ ತಲೆ ಬಾಗಿಸದೆ ನೆರವು ಪಡೆಯುವುದು ಹೇಗೆಂದು ಅವರಿಂದ ಕಲಿಯಬೇಕು. 1911ರ ಜನಗಣತಿಯಲ್ಲಿ ಚಂಡಾಲ ಎಂಬ ಹೆಸರು ಹೋಗಿ ನಾಮಶೂದ್ರ ಎಂಬ ಹೆಸರು ಬಂತು.

1946ರಲ್ಲಿ ಸಂವಿಧಾನ ಸಭೆಗೆ ಆರಿಸಿ ಹೋಗಲು ಬಾಬಾಸಾಹೇಬರಿಗೆ ತಮ್ಮ ಮುಂಬೈ ಪ್ರಾಂತ್ಯದಲ್ಲಿ ದಾರಿ ಸಿಗಲಿಲ್ಲ. ಆಗ ಬಂಗಾಳದ ನಾಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್ ಮುಂದೆ ನಿಂತರು. ಬಂಗಾಳದ ಶಾಸನಸಭೆಯ ಪರಿಶಿಷ್ಟ ಜಾತಿಯ ಸದಸ್ಯರು ಮತ ಕೊಟ್ಟು ಬಾಬಾಸಾಹೇಬರನ್ನು ಕಳಿಸಿದರು. ದೇಶ ಒಡೆದ ಮೇಲೆ ಅವರು 1947ರಲ್ಲಿ ಮುಂಬೈಯಿಂದ ಮತ್ತೆ ಆರಿಸಿ ಬಂದರು, ಅದು ಬೇರೆ ಮಾತು. ಮೊದಲ ಬಾಗಿಲು ತೆರೆದವರು ಇವರು. ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ತನ್ನ ಜನರ ಮೇಲಿನ ದೌರ್ಜನ್ಯ ನೋಡಲಾರದೆ 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಅವರ ಜನ ಹಿಂದೆಯೇ ಗುಂಪು ಗುಂಪಾಗಿ ಗಡಿ ದಾಟಿದರು. ಮೇಲ್ಜಾತಿಯ ನಿರಾಶ್ರಿತರಲ್ಲಿ ಎಷ್ಟೋ ಮಂದಿಗೆ ಕಲ್ಕತ್ತಾದಲ್ಲಿ ನೆಲೆ ಸಿಕ್ಕಿತು. ಇವರಿಗೆ ಸಿಕ್ಕಿದ್ದು ದಂಡಕಾರಣ್ಯ, ಅಂಡಮಾನ್, ನಮ್ಮ ಸಿಂಧನೂರು.

ಅಂದರೆ ನಮ್ಮ ಹುಡುಗರು ಬಾಬಾಸಾಹೇಬರ ಚಿತ್ರದ ಕೆಳಗೆ ಯಾರನ್ನು ಓಡಿಸಬೇಕು ಎಂದು ಹೆಬ್ಬೆರಳು ಒತ್ತಿದರೋ, ಅವರ ಅಜ್ಜಂದಿರ ಪ್ರತಿನಿಧಿಗಳೇ ಬಾಬಾಸಾಹೇಬರನ್ನು ಸಂವಿಧಾನ ಬರೆಯುವ ಮನೆಗೆ ಕಳಿಸಿದವರು.

ಇನ್ನು ಕಾಗದದ ಮಾತು. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಕರ್ನಾಟಕದ 101 ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ರಾಜ್ಯದ ಗಡಿ ದಾಟಿದರೆ ಸರ್ಟಿಫಿಕೇಟು ಸಾಯುತ್ತದೆ, ಅಸ್ಪೃಶ್ಯತೆಯ ನೆನಪು ಸಾಯುವುದಿಲ್ಲ. ನನ್ನ ಚಿಗವ್ವನ ಕಥೆ ಇದರ ಇನ್ನೊಂದು ಮಗ್ಗುಲು. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳಾಗಿರಬೇಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಹಾಗಾಗಿ ಚಿಗವ್ವ ಐತವಾರ ಒಂದು, ಅರ್ಜಿಯಲ್ಲಿ ಒಂದು. ಒಬ್ಬರಿಗೆ ದೇವರು ಬದಲಾದರೆ ಜಾತಿ ಹೋಗುತ್ತದೆ, ಇನ್ನೊಬ್ಬರಿಗೆ ರಾಜ್ಯ ಬದಲಾದರೆ ಹೋಗುತ್ತದೆ. ಊರಲ್ಲಿ ಮಾತ್ರ ಯಾರಿಗೂ ಹೋಗುವುದಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಕೆಳಗೆ 2024ರಲ್ಲಿ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಸಿಕ್ಕಿತು. ಅವರಿಗೆ ಸಿಕ್ಕಿದ್ದಕ್ಕೆ ಸಂತೋಷ. ಆದರೆ ನಿನ್ನ ನೋವು ಏನು ಎಂದು ಕೇಳದೆ ನಿನ್ನ ದೇವರು ಯಾರು ಎಂದು ಕೇಳಿ, ಮುಸಲ್ಮಾನ ಆದರೆ ಬಾಗಿಲು ಹಾಕುವ ಕಾಯ್ದೆಯನ್ನು ನಾವು ಒಪ್ಪಲಾಗದು. ಹಸಿದವನ ಕೈಗೆ ರೊಟ್ಟಿ ಕೊಡುವ ಮುಂಚೆ ಹಣೆ ನೋಡುವುದನ್ನು ನಮ್ಮ ಕೇರಿ ಬಲ್ಲದು.

ನಮ್ಮ ಒಳಗಿನ ಅಂಜಿಕೆಯನ್ನೂ ಮುಚ್ಚಿಡುವುದು ಬೇಡ. 'ಅವರನ್ನ ಪಟ್ಟಿಗೆ ಸೇರಿಸಿದ್ರ ನಮ್ಮ ಪಾಲು ಕಡಿಮಿ ಆಗ್ತೈತಿ' ಎಂಬ ಅಂಜಿಕೆ ಸುಳ್ಳಲ್ಲ. ಇರುವ ಒಂದು ರೊಟ್ಟಿಗೆ ನೂರಾರು ಕೈ. ಒಳಮೀಸಲಾತಿಗಾಗಿ ನಾವೇ ದಶಕಗಟ್ಟಲೆ ಬೀದಿಯಲ್ಲಿ ಕೂತಿದ್ದೇವೆ. ಆದರೆ ರೊಟ್ಟಿ ಸಣ್ಣದಾಯಿತೆಂದು ಕೈ ಕಡಿಯುವುದೋ, ರೊಟ್ಟಿ ದೊಡ್ಡದು ಮಾಡಿರೆಂದು ಕೂಡಿ ಕೇಳುವುದೋ? ಲೆಕ್ಕ ಹಾಕಿ ಹಂಚುವ ದಾರಿ ಇದೆ. ಓಡಿಸುವ ದಾರಿ ನಮ್ಮದಲ್ಲ. ಅದನ್ನು ನಮ್ಮ ಮೇಲೆ ಬಳಸಿದವರದ್ದು.

ಈಗ ಸಾಹಿತ್ಯ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡ ಕಾವ್ಯದೊಳಗೆ ನಮ್ಮ ಕೇರಿ ನುಗ್ಗಿತು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದೇ 1979ರಲ್ಲಿ ಬಂಗಾಳದ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ, ದಂಡಕಾರಣ್ಯದಿಂದ ಹಿಂದಿರುಗಿ ಗುಡಿಸಲು ಕಟ್ಟಿಕೊಂಡಿದ್ದ ನಾಮಶೂದ್ರ ನಿರಾಶ್ರಿತರ ಅನ್ನ-ನೀರು ತಡೆದು, ಗುಂಡು ಹೊಡೆದು, ಗುಡಿಸಲು ಸುಟ್ಟು ಓಡಿಸಿದರು. ಓಡಿಸಿದ್ದು ಎಡಪಂಥದ ಸರಕಾರ. ಆಗ ದೂರದ ಸುದ್ದಿ ನಮಗೆ ಮುಟ್ಟಲಿಲ್ಲ ಎನ್ನೋಣ. ಈಗ ಕಿಸೆಯಲ್ಲೇ ಜಗತ್ತಿದೆ, ಕ್ಯಾಂಪು ಬಸ್ಸಿನ ದಾರಿಯಲ್ಲಿದೆ. ಆದರೂ ನನ್ನ ತಲೆಮಾರಿನ ಕವಿತೆಗಳಲ್ಲಿ 'ನಾವು' ಎಂಬ ಮಾತು ಕೇರಿಯ ಕೊನೆಯ ಮನೆಗೇ ಮುಗಿಯುತ್ತದೆ. ಹಿರಿಯರ ಸಿಟ್ಟನ್ನು ನಾವು ಬಾಯಿಪಾಠ ಮಾಡಿದ್ದೇವೆ, ಅವರು ಬಾಗಿಲು ಒಡೆದ ರೀತಿಯನ್ನು ಕಲಿತಿಲ್ಲ.

ಆ ಜನರೊಳಗೆ ಬರೆಯುವವರಿಲ್ಲವೆ? ಮನೋರಂಜನ್ ಬ್ಯಾಪಾರಿ ಇದ್ದಾರೆ. ಬಾರಿಸಾಲಿನಿಂದ ಮಗುವಾಗಿ ಬಂದು, ಶಿಬಿರದಲ್ಲಿ ಹಸಿದು, ಜೈಲಿನಲ್ಲಿ ಅಕ್ಷರ ಕಲಿತು, ಕಲ್ಕತ್ತಾದಲ್ಲಿ ರಿಕ್ಷಾ ತುಳಿದು, ತನ್ನ ಚಂಡಾಲ ಬದುಕಿನ ಕಥೆ ಬರೆದವರು. ಮರಾಠಿ ದಲಿತ ಆತ್ಮಕಥೆಗಳನ್ನು ನಾವು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಬೆಳೆದೆವು. ಮಗ್ಗುಲ ಕ್ಯಾಂಪಿನ ಜನರ ಕಥೆ ಮಾತ್ರ ಹುಡುಕಲಿಲ್ಲ.

ಹಾಗಾದರೆ ಕವಿತೆಯನ್ನು, ಸಂಘಟನೆಯನ್ನು ಅಳೆಯುವುದು ಯಾವುದರಿಂದ? ಗಂಟಲಿನ ದನಿಯಿಂದ ಅಲ್ಲ. ಯಾರ ಗೈರುಹಾಜರಿ ಅದಕ್ಕೆ ಕಾಣುತ್ತದೆ ಎಂಬುದರಿಂದ. ಪ್ರಾರ್ಥನೆಯ ಚಾಪೆಗೆ ಕಾಣುತ್ತದೆ, ಆದರೆ ನಂಬಿದವರದ್ದು ಮಾತ್ರ. ಕೀರ್ತನೆಗೆ ಕಾಣುತ್ತದೆ, ಆದರೆ ಆ ಭಾಷೆಯವರದ್ದು ಮಾತ್ರ. ಮೊಬೈಲಿಗೆ ಕಾಣುತ್ತದೆ, ಗ್ರೂಪಿನವರದ್ದು ಮಾತ್ರ. ಇವುಗಳನ್ನು ನಗೆಯಾಡಿ ತಳ್ಳಿದರೆ ಏನೂ ಆಗುವುದಿಲ್ಲ. ಅವು ಕೊಡುವುದನ್ನು ನಾವು ಕೊಡಬೇಕು, ಅವು ನಿಲ್ಲುವ ಗೆರೆಯನ್ನು ನಾವು ದಾಟಬೇಕು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಅದು ಸಿಕ್ಕಾಗ ಅಶೋಕ ಎಂಬ ಹೆಸರು ಅದರಲ್ಲಿತ್ತೆಂದು ಎಲ್ಲರೂ ಹೇಳುತ್ತಾರೆ. ದೊಡ್ಡವರಿಗೆ ಮಾತ್ರ ಅಲ್ಲ, ಧಮ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಅದು ಎಟುಕುತ್ತದೆ ಎಂಬ ಅರ್ಥದ ಮಾತೂ ಆ ಬಂಡೆಯ ಮೇಲಿದೆ. ಅದನ್ನು ಹೇಳುವವರು ಕಡಿಮೆ. ಊರವರಿಗೆ ರಾಜನ ಹೆಸರು ಬೇಕಾಯಿತು, ಸಣ್ಣವನ ಪಾಲು ಬೇಕಾಗಲಿಲ್ಲ.

ಕೊನೆಗೆ ನಾನು ಕೇರಿಯ ಗ್ರೂಪಿನಲ್ಲಿ ಜೋಗೇಂದ್ರನಾಥ ಮಂಡಲರ ಬಗ್ಗೆ ನಾಲ್ಕು ಸಾಲು ಬರೆದೆ. ಇಬ್ಬರು ಗ್ರೂಪು ಬಿಟ್ಟು ಹೋದರು. ಒಬ್ಬ ಸಣ್ಣ ಹುಡುಗ ಮಾತ್ರ ಕೇಳಿದ: 'ಅಣ್ಣಾ, ಹೌದೇನು? ನಮಗ ಯಾಕ ಯಾರೂ ಹೇಳಿಲ್ಲ?'

ಆ ಧೈರ್ಯದಲ್ಲಿ ಗೆಳೆಯನಿಗೆ ಫೋನ್ ಹಚ್ಚಿದೆ. ಬಹಳ ದಿನದ ಮೇಲೆ ಮಾತು. ಸಲುಗೆಯಿಂದ, ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಕೇಳಿದೆ: 'ಏಪ್ರಿಲ್ 14ಕ್ಕ ಬಾಬಾಸಾಹೇಬರ ಜಯಂತಿ ಇತ್ತು. ಬಾಬಾಸಾಹೇಬರನ್ನ ಆರಿಸಿ ಕಳಿಸಿದ ಮಂದಿ ನೀವು. ನಿಮ್ಮ ಕ್ಯಾಂಪಿನವರು ಯಾಕ ಬರಲಿಲ್ಲ?'

ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಅಂದ:

'ಕರೆದಿದ್ರೇನು?'